ಬೆಂಗಳೂರಿನ ಅಂತರ್ಜಲದ ಲೆಕ್ಕ: ಉಪಗ್ರಹ, ಬಾವಿ, ಮಷೀನ್ ಲರ್ನಿಂಗ್ ಮೂರನ್ನೂ ಜೋಡಿಸುವ ಬಗೆ

ಉಪಗ್ರಹದ ಡೇಟಾ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪ್ ಸಾಕು, ಕೋಡ್ ಮಾದರಿಗಳಿಗೂ ಬರವಿಲ್ಲ. ಹೀಗಾಗಿ ಬೆಂಗಳೂರಿನ ಅಂತರ್ಜಲದ್ದೊಂದು ಬಣ್ಣದ ನಕ್ಷೆ ಮಾಡುವುದು ಕಷ್ಟವಲ್ಲ. ಆ ನಕ್ಷೆಯನ್ನು ನಂಬಿ ಒಂದು ಬಡಾವಣೆ ಬೇಸಿಗೆಯ ಟ್ಯಾಂಕರ್ ಖರ್ಚು ಅಂದಾಜು ಮಾಡಬಹುದೇ, ಡಿಸೆಂಬರಿನಲ್ಲೇ ಮೋಟರ್ ಓಡಿಸುವ ಗಂಟೆ ಕಡಿಮೆ ಮಾಡಬೇಕೇ ಎಂದು ತೀರ್ಮಾನಿಸಬಹುದೇ? ಅಂಥ ಕೆಲಸಕ್ಕೆ ಒದಗುವ ಲೆಕ್ಕ ಬೇಕಾದರೆ ದಾರಿ ಸ್ವಲ್ಪ ಉದ್ದವಿದೆ. ನಿವಾಸಿಗಳ ಸಂಘ, ಗ್ರಾಮ ಪಂಚಾಯಿತಿ, ಕಾಲೇಜು ತಂಡ, ಯಾರೇ ಆಗಲಿ, ಪೈಥಾನ್ (ಕೋಡ್ ಬರೆಯುವ ಭಾಷೆ) ಅಲ್ಪಸ್ವಲ್ಪ ಬಲ್ಲ ಒಬ್ಬರು ಮತ್ತು ಬಾವಿ ಅಳೆಯಲು ಬೇಸರಪಡದ ಇಬ್ಬರು ಇದ್ದರೆ ಇದನ್ನು ಮಾಡಬಹುದು.

ಉಪಗ್ರಹಕ್ಕೆ ಬೆಂಗಳೂರು ಎಷ್ಟು ಚಿಕ್ಕದು

ಅಂತರ್ಜಲದ ವಿಷಯಕ್ಕೆ ಎಲ್ಲರೂ ಹೆಸರಿಸುವ ಉಪಗ್ರಹ ಗ್ರೇಸ್. 2002ರ ಮಾರ್ಚ್ 17ರಂದು ಹಾರಿದ ಈ ಜೋಡಿ ಉಪಗ್ರಹಗಳು 2017ರವರೆಗೆ ಕೆಲಸ ಮಾಡಿದವು. ಅವುಗಳ ಜಾಗಕ್ಕೆ 2018ರ ಮೇ 22ರಂದು ಗ್ರೇಸ್-ಎಫ್‌ಒ ಬಂತು. ಎರಡು ಉಪಗ್ರಹಗಳು ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಸಾಗುತ್ತವೆ. ಕೆಳಗಿನ ನೆಲದಲ್ಲಿ ದ್ರವ್ಯರಾಶಿ ಹೆಚ್ಚಿದ್ದರೆ ಮುಂದಿನದನ್ನು ಅದು ಮೊದಲು ಸೆಳೆಯುತ್ತದೆ, ನಡುವಿನ ಅಂತರ ಬದಲಾಗುತ್ತದೆ; ಕೂದಲೆಳೆಗಿಂತ ಕಡಿಮೆ ಬದಲಾವಣೆಯೂ ಗೊತ್ತಾಗುತ್ತದೆ. ಅದನ್ನು ಅಳೆದು, ತಿಂಗಳಿಗೊಮ್ಮೆ, ನೆಲದ ಮೇಲಿನ ಮತ್ತು ಒಳಗಿನ ಒಟ್ಟು ನೀರು ಎಷ್ಟು ಸೆಂಟಿಮೀಟರ್ ದಪ್ಪದಷ್ಟು ಏರಿತು ಅಥವಾ ಇಳಿಯಿತು ಎಂದು ಹೇಳುತ್ತಾರೆ. ಕೆರೆ, ಮಣ್ಣಿನ ತೇವ, ಜಲಾಶಯ, ಅಂತರ್ಜಲ ಎಲ್ಲ ಆ ಒಂದೇ ಸಂಖ್ಯೆಯಲ್ಲಿ ಸೇರಿರುತ್ತವೆ.

ಇದರ ನೋಟ ಸುಮಾರು 300 ಕಿ.ಮೀ. ಅಗಲದ್ದು. ಒಂದು ಲಕ್ಷ ಚದರ ಕಿ.ಮೀ. ಪ್ರದೇಶಕ್ಕೆ ಒಂದು ಸಂಖ್ಯೆ ಎಂದು ಇಟ್ಟುಕೊಳ್ಳಿ. ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಸುಮಾರು 2,200 ಚದರ ಕಿ.ಮೀ. ಇಡೀ ಜಿಲ್ಲೆಯಲ್ಲಿ ನೀರಿನ ಮಟ್ಟ 10 ಮೀಟರ್ ಕುಸಿಯಿತು ಎಂದುಕೊಳ್ಳೋಣ. ನಮ್ಮ ಶಿಥಿಲ ಬಂಡೆ (ಗಟ್ಟಿ ಬಂಡೆಯ ಮೇಲಿರುವ, ಸವೆದು ಸಡಿಲವಾದ ಪದರ) ತನ್ನ ಗಾತ್ರದ ಶೇ. 2ರಷ್ಟು ನೀರು ಬಿಟ್ಟುಕೊಡುತ್ತದೆ ಎಂದು ಹಿಡಿದರೆ, ಹೋದ ನೀರು 20 ಸೆಂ.ಮೀ. ದಪ್ಪ, ಅಂದರೆ 44 ಕೋಟಿ ಘನ ಮೀಟರ್. ಅದನ್ನು ಒಂದು ಲಕ್ಷ ಚದರ ಕಿ.ಮೀ. ಮೇಲೆ ಹರಡಿದರೆ 4.4 ಮಿಲಿಮೀಟರ್. ಗ್ರೇಸ್ ಅಳತೆಯ ತಿಂಗಳ ದೋಷವೇ 1ರಿಂದ 2 ಸೆಂಟಿಮೀಟರ್. ಇತ್ತ ಕೆಆರ್‌ಎಸ್ ತುಂಬಿದಾಗ ಅದರಲ್ಲಿರುವ 49.45 ಟಿಎಂಸಿ, ಅಂದರೆ ಸುಮಾರು 140 ಕೋಟಿ ಘನ ಮೀಟರ್ ನೀರು ಅದೇ ಲೆಕ್ಕದಲ್ಲಿ 1.4 ಸೆಂಟಿಮೀಟರ್ ಆಗುತ್ತದೆ. ಜಿಲ್ಲೆಯ ಬಾವಿಗಳೆಲ್ಲ ಹತ್ತು ಮೀಟರ್ ಕುಸಿದ ಸುದ್ದಿಗಿಂತ ಒಂದು ಅಣೆಕಟ್ಟು ತುಂಬಿದ ಸುದ್ದಿ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಗ್ರೇಸ್‌ನಿಂದ ಬೆಂಗಳೂರನ್ನು ಅಳೆಯುವುದೆಂದರೆ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಚಿನ್ನದ ಸರ ತೂಗಿದ ಹಾಗೆ.

ಹಾಗಾದರೆ ಅದೇಕೆ ಬೇಕು? ದಕ್ಷಿಣ ಒಳನಾಡು ಒಟ್ಟಾರೆ ಒಣಗುತ್ತಿದೆಯೋ ತುಂಬುತ್ತಿದೆಯೋ ಎಂಬ ಹಿನ್ನೆಲೆಯನ್ನು, ಯಾರ ಬಾವಿಯ ಹಂಗೂ ಇಲ್ಲದೆ, ಎರಡು ದಶಕದುದ್ದಕ್ಕೂ ಒಂದೇ ಕ್ರಮದಲ್ಲಿ ಹೇಳುವ ಅಳತೆ ಇನ್ನೊಂದಿಲ್ಲ. ಹಿನ್ನೆಲೆ ಗ್ರೇಸ್‌ನಿಂದ, ಊರಿನ ವಿವರ ಮಳೆ ಮತ್ತು ನೆಲದ ಡೇಟಾದಿಂದ, ನಿಜವಾದ ಮಟ್ಟ ಬಾವಿಯಿಂದ. ಈ ಮೂರರ ನಡುವಿನ ಸಂಬಂಧವನ್ನು ಕಲಿಯುವುದಷ್ಟೇ ಮಷೀನ್ ಲರ್ನಿಂಗ್ ಮಾಡೆಲ್‌ನ, ಅಂದರೆ ಹಳೆಯ ಡೇಟಾದಿಂದ ಕಲಿತು ಊಹಿಸುವ ಕಂಪ್ಯೂಟರ್ ಲೆಕ್ಕದ, ಕೆಲಸ. ಬಾವಿ ಅಳತೆ ಇಲ್ಲದೆ ಮಾಡಿದ ಬೆಂಗಳೂರಿನ ಅಂತರ್ಜಲ ನಕ್ಷೆಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ.

ಬಾವಿಯಿಂದ ಶುರು ಮಾಡಿ

ಹಳೆಯ ಅಳತೆಗಳು ಎರಡು ಕಡೆ ಇವೆ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮುಂಚೆ, ಆಗಸ್ಟ್, ನವೆಂಬರ್. ಇದು ಇಂಡಿಯಾ-ವ್ರಿಸ್ ಪೋರ್ಟಲ್‌ನಲ್ಲಿ ಸಿಗುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯದ ಬಾವಿಗಳು ಬೇರೆ. ಎರಡನ್ನೂ ತನ್ನಿ, ಆದರೆ ಒಂದೇ ಕಡತಕ್ಕೆ ಸುರಿಯುವ ಮುನ್ನ ತೆರೆದ ಬಾವಿ ಯಾವುದು, ಕೊಳವೆ ಬಾವಿ ಯಾವುದು ಎಂದು ಬೇರ್ಪಡಿಸಿ. ತೆರೆದ ಬಾವಿ ಶಿಥಿಲ ಪದರದ ಮಟ್ಟ ಹೇಳುತ್ತದೆ. ಸಾವಿರ ಅಡಿಯ ಬೋರ್‌ವೆಲ್ ಹೇಳುವುದು ಬಂಡೆಯ ಹಲವು ಬಿರುಕುಗಳ ಒತ್ತಡವನ್ನು, ಎಲ್ಲ ಕಲಸಿ. ಇವೆರಡರ ಸರಾಸರಿಗೆ ಯಾವ ಅರ್ಥವೂ ಇಲ್ಲ.

ಹಳೆಯ ಕಡತದಲ್ಲಿ ಹುಡುಕಬೇಕಾದ ತಪ್ಪುಗಳು: ಕೆಲವು ಮೌಲ್ಯ ಅಡಿಯಲ್ಲಿ, ಕೆಲವು ಮೀಟರ್‌ನಲ್ಲಿ (3.28 ಪಟ್ಟು ಜಿಗಿತ ಕಂಡರೆ ಇದೇ), ನೆಲಮಟ್ಟದ ಕೆಳಗೆ ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಚಿಹ್ನೆ, ಅಳತೆ ಇಲ್ಲದ ತಿಂಗಳಿಗೆ ಸೊನ್ನೆ, ಹಳೆ ಬಾವಿ ಮುಚ್ಚಿಹೋಗಿ ಅದೇ ಹೆಸರಲ್ಲಿ ಪಕ್ಕದ ಬಾವಿ. ಕೊನೆಯದು ನಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಒಂದೊಂದು ಬಾವಿಯದೂ ಗ್ರಾಫ್ ಬಿಡಿಸಿ ಕಣ್ಣಿನಿಂದಲೇ ನೋಡಬೇಕು.

ಎಲ್ಲಕ್ಕಿಂತ ಅಪಾಯದ್ದು ಬತ್ತಿದ ಬಾವಿ. ನೀರಿಲ್ಲದ ಬಾವಿಗೆ ‘ಅಳತೆ ಇಲ್ಲ’ ಎಂದು ಖಾಲಿ ಬಿಟ್ಟರೆ, ಉಳಿದ ಒಳ್ಳೆಯ ಬಾವಿಗಳ ಸರಾಸರಿ ಮೇಲೇರುತ್ತದೆ, ಬರಗಾಲದಲ್ಲಿ ಮಟ್ಟ ಸುಧಾರಿಸಿದಂತೆ ಕಾಣುತ್ತದೆ. 2024ರ ಬೇಸಿಗೆಯಂಥ ಕಾಲದಲ್ಲಿ ಈ ತಪ್ಪು ಮಾಡಿದರೆ ಇಡೀ ಲೆಕ್ಕ ತಲೆಕೆಳಗು. ಖಾಲಿ ಬಿಡಬೇಡಿ, ‘ಮಟ್ಟ ಬಾವಿಯ ತಳಕ್ಕಿಂತ ಕೆಳಗೆ’ ಎಂದು ಪ್ರತ್ಯೇಕ ಗುರುತು ಹಾಕಿ. ಪ್ರದೇಶದ ಮಟ್ಟ ಹೇಳುವಾಗ ಸರಾಸರಿ ಬಿಟ್ಟು ಮಧ್ಯದ ಮೌಲ್ಯ (ಮಟ್ಟಗಳನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆದುಕೊಳ್ಳಿ. ಆಳ ಹೆಚ್ಚುಕಡಿಮೆ ಒಂದೇ ಇರುವ ಬಾವಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಬತ್ತಿದ್ದರೆ ಮಧ್ಯದ ಮೌಲ್ಯ ಕೆಡುವುದಿಲ್ಲ.

ಸರ್ಕಾರಿ ಬಾವಿಗಳು ನಿಮ್ಮ ಬಡಾವಣೆಯಲ್ಲಿ ಇಲ್ಲದೇ ಇರಬಹುದು. ಸ್ವಂತ ಅಳತೆಗೆ ಪಂಪ್ ಇಲ್ಲದ, ಇನ್ನೂ ನೀರಿರುವ ಹಳೆಯ ಬೋರು ಸಿಕ್ಕರೆ ಅದೃಷ್ಟ. ಓಡುವ ಬೋರಾದರೆ ಬೆಳಗಿನ ಜಾವ, ಮೋಟರ್ ಹಾಕುವ ಮುಂಚೆ ಅಳೆಯಿರಿ. 15 ನಿಮಿಷ ಬಿಟ್ಟು ಮತ್ತೆ ಅಳೆದಾಗ ವ್ಯತ್ಯಾಸ 2 ಸೆಂ.ಮೀ.ಗಿಂತ ಹೆಚ್ಚಿದ್ದರೆ ನೀರು ಇನ್ನೂ ಏರುತ್ತಿದೆ, ಆ ಅಳತೆ ಬೇಡ. ಗಟ್ಟಿ ಬಂಡೆಯಲ್ಲಿ ಬೋರು ಚೇತರಿಸಿಕೊಳ್ಳಲು ಹಲವು ಗಂಟೆ ಹಿಡಿಯುತ್ತದೆ, ಪಕ್ಕದ ಮನೆಯ ಮೋಟರ್ ಓಡುತ್ತಿದ್ದರೆ ಇನ್ನೂ ಹೆಚ್ಚು.

ನೀರು ತಾಗಿದಾಗ ಬೀಪ್ ಕೊಡುವ ಎಲೆಕ್ಟ್ರಿಕ್ ಟೇಪ್ ಇಳಿಸುವಾಗ ಎರಡು ತೊಂದರೆ ಖಚಿತ. ಟೇಪ್ ಮೋಟರ್ ಕೇಬಲ್‌ಗೆ ಸುತ್ತಿಕೊಳ್ಳುತ್ತದೆ. ಅದಕ್ಕೆ ಮುಂದಿನ ಸಲ ಮೋಟರ್ ಎತ್ತಿದಾಗ ಒಂದು ಇಂಚಿನ ಪಿವಿಸಿ ಪೈಪನ್ನು ಪಂಪ್‌ನ ಸ್ವಲ್ಪ ಮೇಲಿನವರೆಗೆ ಇಳಿಸಿ ಬಿಟ್ಟುಬಿಡಿ. ಇನ್ನೊಂದು, ಮೇಲಿನ ಬಿರುಕಿನಿಂದ ಬೋರಿನ ಗೋಡೆಗುಂಟ ನೀರು ಸುರಿಯುತ್ತಿದ್ದರೆ ಟೇಪ್ ಅಲ್ಲೇ ಒದ್ದೆಯಾಗಿ ಸುಳ್ಳು ಬೀಪ್ ಕೊಡುತ್ತದೆ. ಆ ಪೈಪೇ ಇದಕ್ಕೂ ಮದ್ದು. ಬೋರಿನ ಮೇಲ್ಭಾಗ ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪ್ ನೆಲದಿಂದ ಎಷ್ಟು ಮೇಲಿದೆ ಎಂದು ಅಳೆದು ಪ್ರತಿ ಸಲವೂ ಕಳೆಯಿರಿ. ಬಾಯಿ ತೆರೆದ ಬೋರು ಕಂಡರೆ ಅಳತೆ ಮುಗಿದ ಕೂಡಲೇ ಮುಚ್ಚಳ ಬಿಗಿದು ಬನ್ನಿ. ಮಕ್ಕಳ ಪ್ರಾಣದ ಪ್ರಶ್ನೆ ಅದು.

ತಾನಾಗಿ ದಾಖಲಿಸುವ ಒತ್ತಡ ಸೆನ್ಸರ್ ಹಾಕುವವರು ಗಾಳಿಯ ಒತ್ತಡ ಮರೆಯಬಾರದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಸುಮಾರು 910 ಹೆಕ್ಟೊಪಾಸ್ಕಲ್ (ಒಂದು ಹೆಕ್ಟೊಪಾಸ್ಕಲ್ ಎಂದರೆ ಸುಮಾರು ಒಂದು ಸೆಂಟಿಮೀಟರ್ ನೀರಿನ ಒತ್ತಡ). ಸಮುದ್ರಮಟ್ಟದ 1013 ಎಂದು ಸಾಫ್ಟ್‌ವೇರ್ ತಾನೇ ಹಿಡಿದುಕೊಂಡರೆ ನೀರಿನ ಮಟ್ಟದಲ್ಲಿ ಒಂದು ಮೀಟರಿಗೂ ಹೆಚ್ಚು ತಪ್ಪಾಗುತ್ತದೆ. ದಿನದೊಳಗೇ ಒತ್ತಡ 3-4 ಹೆಕ್ಟೊಪಾಸ್ಕಲ್ ಆಡುತ್ತದೆ, ಅಷ್ಟೇ ಸೆಂಟಿಮೀಟರ್ ಸುಳ್ಳು ಏರಿಳಿತ. ಒಂದು ಸೆನ್ಸರನ್ನು ಗಾಳಿಯಲ್ಲೇ ನೇತುಹಾಕಿ, ಅದರ ಓದನ್ನು ಉಳಿದವುಗಳಿಂದ ಕಳೆಯಿರಿ. ಹತ್ತಿರದ ಬಾವಿಗಳಿಗೆಲ್ಲ ಅದೊಂದೇ ಸಾಕು, ಆದರೆ ನೆಲದ ಎತ್ತರದಲ್ಲಿ 10 ಮೀಟರ್ ವ್ಯತ್ಯಾಸಕ್ಕೆ ಸುಮಾರು ಒಂದು ಸೆಂಟಿಮೀಟರ್ ಸರಿಪಡಿಸಬೇಕು.

ಗ್ರೇಸ್‌ನಿಂದ ಅಂತರ್ಜಲವನ್ನು ಬೇರ್ಪಡಿಸುವುದು

ನಾಸಾದ ಪ್ರಯೋಗಾಲಯ ಜೆಪಿಎಲ್‌ನ ಮಾಸ್ಕಾನ್ ಕಡತವನ್ನು (ಗ್ರೇಸ್ ಅಳತೆಯನ್ನು ಚೌಕಗಳಾಗಿ ಹಂಚಿದ್ದು) ನಾಸಾದ ಅರ್ಥ್‌ಡೇಟಾ ಖಾತೆಯಿಂದ ಇಳಿಸಿಕೊಳ್ಳಿ, ಅಥವಾ ಉಪಗ್ರಹ ಡೇಟಾದ ತಾಣವಾದ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ತೆರೆಯಿರಿ. ಚೌಕಗಳು ಅರ್ಧ ಡಿಗ್ರಿಯವಾಗಿ ಕಾಣುತ್ತವೆ, ಆದರೆ ನಿಜವಾದ ಅಳತೆ ಇರುವುದು 3 ಡಿಗ್ರಿಗೆ ಒಂದು. ಜೊತೆಗೆ ಕೊಡುವ ಸ್ಕೇಲ್ ಫ್ಯಾಕ್ಟರ್ (ಚೌಕಕ್ಕೊಂದು ಗುಣಕ) ಬಳಸಿದರೆ ಪಕ್ಕಪಕ್ಕದ ಚೌಕಗಳಲ್ಲಿ ಬೇರೆಬೇರೆ ಮೌಲ್ಯ ಬರುತ್ತದೆ ನಿಜ. ಆದರೆ ಆ ಗುಣಕಗಳು ಬಂದಿರುವುದು ಮಣ್ಣು, ನೀರಿನ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ಒಂದು ಭೂ ಮಾಡೆಲ್‌ನಿಂದ, ಬೋರ್‌ವೆಲ್ ಪಂಪಿಂಗ್ ಅದರಲ್ಲಿ ಇಲ್ಲ. ಅದನ್ನು ಸ್ಥಳೀಯ ಮಾಹಿತಿ ಎಂದು ನಂಬಬಾರದು. ದಕ್ಷಿಣ ಒಳನಾಡು ಕರ್ನಾಟಕ ಮತ್ತು ಅಂಟಿಕೊಂಡ ಆಂಧ್ರ, ತಮಿಳುನಾಡಿನ ಪ್ರಸ್ಥಭೂಮಿ ಸೇರಿಸಿ ಒಂದು ದೊಡ್ಡ ಬಹುಭುಜ ಎಳೆದು, ಅದರ ಸರಾಸರಿಯನ್ನು ತಿಂಗಳಿಗೊಂದು ಸಂಖ್ಯೆಯ ಒಂದೇ ಸಾಲಾಗಿ ತೆಗೆದುಕೊಳ್ಳಿ.

ಇದರಿಂದ ಮಣ್ಣಿನ ತೇವ ಕಳೆಯಬೇಕು. ಅಂಥದೇ ಭೂ ಮಾಡೆಲ್‌ಗಳ ನಾಸಾ ಸಂಗ್ರಹ ಜಿಎಲ್‌ಡಿಎಎಸ್‌ನ ನೋವಾ ಮಾಡೆಲ್ ಮಣ್ಣಿನ ನಾಲ್ಕು ಪದರ ಕೊಡುತ್ತದೆ: 0–10, 10–40, 40–100, 100–200 ಸೆಂ.ಮೀ. ನಾಲ್ಕನ್ನೂ ಕೂಡಿಸಿ. ಇದರ ಘಟಕ ಪ್ರತಿ ಚದರ ಮೀಟರಿಗೆ ಕಿಲೋಗ್ರಾಂ, ಅಂದರೆ ಮಿಲಿಮೀಟರ್, ಗ್ರೇಸ್‌ನದು ಸೆಂಟಿಮೀಟರ್. ಹತ್ತರಿಂದ ಭಾಗಿಸಲು ಮರೆತರೆ ಅಂತರ್ಜಲ ಮಳೆಗಾಲದಲ್ಲಿ ಕುಸಿದು ಬೇಸಿಗೆಯಲ್ಲಿ ಏರುತ್ತದೆ. ಅಂಥ ಗ್ರಾಫ್ ಕಂಡರೆ ಮೊದಲು ಘಟಕ ನೋಡಿ. ಇನ್ನೊಂದು: ಗ್ರೇಸ್ ಕೊಡುವುದು 2004ರಿಂದ 2009ರ ಸರಾಸರಿಯಿಂದ ಎಷ್ಟು ವ್ಯತ್ಯಾಸ ಎಂಬುದನ್ನು. ಮಣ್ಣಿನ ತೇವಕ್ಕೂ ಅದೇ ಆರು ವರ್ಷಗಳ ಸರಾಸರಿ ಕಳೆದ ಮೇಲೆಯೇ ಎರಡನ್ನೂ ಹೋಲಿಸಬಹುದು.

ನಂತರ ಜಲಾಶಯ. ಕೆಆರ್‌ಎಸ್, ಕಬಿನಿ, ಹೇಮಾವತಿ, ಮೆಟ್ಟೂರು ಮುಂತಾದವುಗಳಲ್ಲಿ ಬಹುಭುಜದೊಳಗೆ ಬೀಳುವ ದೊಡ್ಡವುಗಳ ತಿಂಗಳ ಸಂಗ್ರಹವನ್ನು ಘನ ಮೀಟರಿಗೆ ತಿರುಗಿಸಿ (ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್), ಬಹುಭುಜದ ವಿಸ್ತೀರ್ಣದಿಂದ ಭಾಗಿಸಿ, ಅದಕ್ಕೂ ಅದೇ 2004–2009ರ ಸರಾಸರಿ ತೆಗೆದು ಕಳೆಯಿರಿ. ಉಳಿದದ್ದು ಅಂತರ್ಜಲದ ಅಂದಾಜು. ನೋವಾ 2 ಮೀಟರಿಗೇ ನಿಲ್ಲುವುದರಿಂದ, ಅದರ ಕೆಳಗೆ ಇನ್ನೂ ಬಾವಿಗೆ ಸೇರದ ತೇವವೂ ಈ ‘ಅಂತರ್ಜಲ’ದಲ್ಲೇ ಸೇರಿಹೋಗುತ್ತದೆ ಎಂಬುದು ನೆನಪಿರಲಿ. ದೋಷಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು: ಗ್ರೇಸ್‌ನದು 1.5, ಮಣ್ಣಿನದು 1 ಸೆಂಟಿಮೀಟರ್ ಇದ್ದರೆ ಒಟ್ಟು 1.8 ಸೆಂ.ಮೀ. ಮಣ್ಣಿನ ದೋಷ ಎಷ್ಟು ಎಂದು ತಿಳಿಯಲು ನೋವಾ ಜೊತೆ ವಿಐಸಿ, ಸಿಎಲ್‌ಎಸ್‌ಎಂ ಮಾಡೆಲ್‌ಗಳ ಮಣ್ಣಿನ ತೇವವನ್ನೂ ತಂದು ಮೂರರ ನಡುವಿನ ಅಂತರ ನೋಡುವುದು ಸುಲಭದ ಉಪಾಯ.

2017ರ ಜುಲೈನಿಂದ 2018ರ ಮೇವರೆಗೆ 11 ತಿಂಗಳು ಗ್ರೇಸ್ ಡೇಟಾ ಇಲ್ಲ. 2011ರ ನಂತರ ಬ್ಯಾಟರಿ ಸೊರಗಿದ್ದರಿಂದ ಅಲ್ಲಲ್ಲಿ ಬಿಡಿ ತಿಂಗಳುಗಳೂ ಇಲ್ಲ. ಒಂದು ತಿಂಗಳ ಕಂಡಿಯನ್ನು ಅಕ್ಕಪಕ್ಕದ ಸರಾಸರಿಯಿಂದ ತುಂಬಬಹುದು. ಆದರೆ 11 ತಿಂಗಳಿಗೆ ನೇರ ಗೆರೆ ಎಳೆದರೆ ಒಂದು ಮಳೆಗಾಲವನ್ನೇ ಅಳಿಸಿದಂತೆ. ಖಾಲಿ ಬಿಡಿ, ಖಾಲಿ ಮೌಲ್ಯ ಸಹಿಸುವ ಅಲ್ಗಾರಿದಂ (ಲೆಕ್ಕದ ವಿಧಾನ) ಆರಿಸಿ.

ಊರಿನ ವಿವರ ಕೊಡುವ ಡೇಟಾ

ಮಳೆಯೇ ಮುಖ್ಯ. ಹವಾಮಾನ ಇಲಾಖೆಯ ಗ್ರಿಡ್ (ಚೌಕಗಳಾಗಿ ಹಂಚಿದ ಮಳೆಯ ಅಂಕಿ) ಕಾಲು ಡಿಗ್ರಿಯದು, ಸುಮಾರು 27 ಕಿ.ಮೀ.; ಉಪಗ್ರಹ ಮತ್ತು ಮಳೆಮಾಪಕ ಸೇರಿಸಿ ಮಾಡಿದ ಚಿರ್ಪ್ಸ್ ಡೇಟಾ 0.05 ಡಿಗ್ರಿ, ಸುಮಾರು 5 ಕಿ.ಮೀ., 1981ರಿಂದ ಇದೆ. ಬೆಂಗಳೂರಿನಲ್ಲಿ ಯಲಹಂಕದಲ್ಲಿ ಸುರಿದ ಮಳೆ ಜಯನಗರದಲ್ಲಿ ಹನಿಯೂ ಬಿದ್ದಿರುವುದಿಲ್ಲ, ಆದ್ದರಿಂದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿ ಸಿಕ್ಕರೆ ಅದಕ್ಕೇ ಆದ್ಯತೆ. ಒಂದು ತಿಂಗಳ ಮಳೆಯೊಂದೇ ಸಾಲದು. ಹಿಂದಿನ 1, 3, 6, 12 ತಿಂಗಳುಗಳ ಮೊತ್ತವನ್ನು ಮಾಡೆಲ್‌ಗೆ ಕೊಡುವ ಕೋಷ್ಟಕದಲ್ಲಿ ಬೇರೆಬೇರೆ ಕಾಲಂ ಮಾಡಿ. ನಮ್ಮಲ್ಲಿ ಮೇ ತಿಂಗಳ ಮಳೆ ಒಣ ಮಣ್ಣಿಗೇ ಸಾಕಾಗುತ್ತದೆ. ಬಾವಿ ತುಂಬಿಸುವುದು ಸೆಪ್ಟೆಂಬರಿನಿಂದ ಚಿತ್ತೆ, ಸ್ವಾತಿವರೆಗಿನ ಮಳೆ, ಏಕೆಂದರೆ ಅಷ್ಟರಲ್ಲಿ ಮಣ್ಣು ನೆನೆದಿರುತ್ತದೆ. ಮೊತ್ತದ ಕಾಲಂಗಳಿದ್ದರೆ ಮಾಡೆಲ್ ಇದನ್ನು ತಾನೇ ಕಲಿಯುತ್ತದೆ.

ಬಾಷ್ಪೀಭವನಕ್ಕೆ ಎಲ್ಲರೂ ಮೋಡಿಸ್ ಎಂಬ ಉಪಗ್ರಹ ಸೆನ್ಸರ್‌ನ 500 ಮೀಟರ್ ಚೌಕದ ಡೇಟಾ ತೆಗೆದುಕೊಳ್ಳುತ್ತಾರೆ. ಕಟ್ಟಡ ತುಂಬಿದ ಜಾಗಕ್ಕೆ ಅದರಲ್ಲಿ ಲೆಕ್ಕವೇ ಇಲ್ಲ. ಆ ಚೌಕಗಳಲ್ಲಿ 32761ರಿಂದ 32767ರವರೆಗಿನ ಸಂಕೇತ ಸಂಖ್ಯೆ ಇರುತ್ತದೆ. ಅದನ್ನು ತೆಗೆಯದೆ ಸರಾಸರಿ ಮಾಡಿದರೆ ಮೆಜೆಸ್ಟಿಕ್ ಕಾಡಿಗಿಂತ ಹೆಚ್ಚು ಬೆವರುತ್ತದೆ. ಆನೇಕಲ್, ಹೊಸಕೋಟೆ, ದೇವನಹಳ್ಳಿ ಕಡೆಯ ಹೊಲಗಳಿಗೆ ಮಾತ್ರ ಇದನ್ನು ಬಳಸಿ. ಸ್ಮ್ಯಾಪ್ ಉಪಗ್ರಹದ ಮಣ್ಣಿನ ತೇವವೂ ಹಾಗೇ: 9 ಕಿ.ಮೀ. ಚೌಕ, ಮೇಲಿನ 5 ಸೆಂ.ಮೀ. ಮಣ್ಣು, ಕಾಂಕ್ರೀಟಿನ ಮೇಲೆ ಅರ್ಥವಿಲ್ಲ.

ಕೆರೆಯ ನೀರಿನ ವಿಸ್ತೀರ್ಣಕ್ಕೆ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರ ಚೆನ್ನಾಗಿದೆ, ಆದರೆ ಬೆಳ್ಳಂದೂರು, ವರ್ತೂರಿನಂಥ ಕೆರೆಗಳಲ್ಲಿ ಜಲಕಳೆ ಹಬ್ಬಿದಾಗ ನೀರಿನ ಸೂಚ್ಯಂಕ (ಚಿತ್ರದಲ್ಲಿ ನೀರನ್ನು ಗುರುತಿಸುವ ಲೆಕ್ಕ) ಅದನ್ನು ಹಸಿರು ಮೈದಾನ ಎಂದುಕೊಳ್ಳುತ್ತದೆ. ಕೆರೆಯ ಗಡಿ ಕೈಯಿಂದ ಎಳೆದಿಟ್ಟುಕೊಂಡು, ಗಡಿಯೊಳಗಿನ ದಟ್ಟ ಹಸಿರನ್ನೂ ನೀರೆಂದೇ ಎಣಿಸಿ. ಹೂಳೆತ್ತಲು ಖಾಲಿ ಮಾಡಿದ ಕೆರೆಗೆ ಇದು ತಪ್ಪಾಗುತ್ತದೆ, ಅಂಥವನ್ನು ಹೆಸರು ಹಿಡಿದು ಹೊರಗಿಡಬೇಕು. ಭೂಮಿ ಕುಸಿತ ಅಳೆಯುವ ರೇಡಾರ್ ವಿಧಾನ ದೆಹಲಿಯಂಥ ಮೆಕ್ಕಲು ಮಣ್ಣಿನ ಊರಿಗೆ ಹೊಂದುತ್ತದೆ. ನಮ್ಮದು ಗ್ರಾನೈಟ್, ನೈಸ್ ಬಂಡೆ, ನೀರು ಹೋದರೆ ಹಾಗೆ ಕುಸಿಯುವುದಿಲ್ಲ. ಅದಕ್ಕೆ ಸಮಯ ಕೊಡಬೇಡಿ.

ಉಪಗ್ರಹ ಕೊಡಲಾಗದ ಮೂರು ಸಂಗತಿಗಳನ್ನು ಕೈಯಾರೆ ಸೇರಿಸಿ, ಬೆಂಗಳೂರಿಗೆ ಇವೇ ಜೀವ. ಮೊದಲನೆಯದು ಕೇಸಿಂಗ್ ಉದ್ದ. ಬೋರು ಕೊರೆಯುವವರು ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ ಇಳಿಸುತ್ತಾರೆ, ಹಾಗಾಗಿ ಅವರ ಬಿಲ್ಲಿನಲ್ಲಿರುವ ಕೇಸಿಂಗ್ ಅಡಿಗಳೇ ಶಿಥಿಲ ಪದರದ ದಪ್ಪಕ್ಕೆ ಸಿಗುವ ಅತ್ಯುತ್ತಮ ಅಂದಾಜು. ಬಡಾವಣೆಯ ಹಳೆಯ ಬಿಲ್‌ಗಳನ್ನು ಸಂಗ್ರಹಿಸುವುದು ಯಾವ ಉಪಗ್ರಹ ಚಿತ್ರಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ. ಎರಡನೆಯದು ಕಾವೇರಿ ನೀರು ಬಂದ ವರ್ಷ. ಹಳೆಯ ಬಡಾವಣೆಗಳಲ್ಲಿ ಕೊಳವೆ ಸೋರಿಕೆಯೇ ಅಂತರ್ಜಲಕ್ಕೆ ಮರುಪೂರಣವಾಗಿ ಮಟ್ಟ ಮೇಲಿರುತ್ತದೆ, ಕಾವೇರಿ ಕಾಣದ ಹೊರವಲಯದಲ್ಲಿ ಬೋರುಗಳು ಆಳಕ್ಕಿಳಿದಿರುತ್ತವೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, 110 ಹಳ್ಳಿಗಳನ್ನು ಗುರಿಯಾಗಿಟ್ಟು ಶುರುವಾಯಿತು. ಅಲ್ಲಿಂದಾಚೆ ಆ ಜಾಗಗಳಲ್ಲಿ ಮಳೆಗೂ ಬಾವಿಯ ಮಟ್ಟಕ್ಕೂ ಇದ್ದ ಹಳೆಯ ಸಂಬಂಧ ಬದಲಾಗುತ್ತದೆ. ಮೂರನೆಯದು ಸಂಸ್ಕರಿಸಿದ ನೀರು. ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆ 2018ರಿಂದ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿತ ನೀರು ಹರಿಸುತ್ತಿದೆ. ಕೋಲಾರದ ಬಾವಿಗಳನ್ನು ತರಬೇತಿಗೆ (ಮಾಡೆಲ್ ಕಲಿಯುವ ಡೇಟಾಕ್ಕೆ) ಸೇರಿಸಿದ್ದರೆ ಈ ಕಾಲಂ ಇಲ್ಲದಿದ್ದಾಗ, ಮಳೆಯಿಲ್ಲದೆಯೂ ಮಟ್ಟ ಏರುತ್ತದೆ ಎಂದು ಮಾಡೆಲ್ ಕಲಿಯುತ್ತದೆ.

ಮಾಡೆಲ್ ಕಟ್ಟುವುದು

ಒಂದು ಬಾವಿ, ಒಂದು ಅಳತೆಯ ದಿನ: ಇದು ಕೋಷ್ಟಕದ ಒಂದು ಸಾಲು. 40 ಬಾವಿ, ವರ್ಷಕ್ಕೆ ನಾಲ್ಕು ಅಳತೆ, 15 ವರ್ಷ ಎಂದರೆ 2,400 ಸಾಲು. ಕೇಳಲು ಹೆಚ್ಚು, ಆದರೆ ಒಂದೇ ಬಾವಿಯ ಸಾಲುಗಳು ಒಂದನ್ನೊಂದು ಹೋಲುತ್ತವೆ. ಇಷ್ಟಕ್ಕೆ ಎಲ್‌ಎಸ್‌ಟಿಎಂ ನರಜಾಲದಂಥ, ಹೆಚ್ಚು ಡೇಟಾ ಬೇಡುವ ಸಂಕೀರ್ಣ ಮಾಡೆಲ್ ಬೇಡ. ರ್ಯಾಂಡಮ್ ಫಾರೆಸ್ಟ್ ಅಥವಾ ಎಕ್ಸ್‌ಜಿಬೂಸ್ಟ್ ಸಾಕು; ಎರಡೂ ಪ್ರಶ್ನೆ ಕೇಳುತ್ತ ಕವಲೊಡೆಯುವ ‘ಮರ’ಗಳಿಂದ ಊಹಿಸುತ್ತವೆ, ಮರದ ಕೊನೆಯ ಕವಲೇ ‘ಎಲೆ’. ಮೊದಲನೆಯದಕ್ಕೆ 500 ಮರ, ಎಲೆಗೆ ಕನಿಷ್ಠ 5 ಸಾಲು. ಎರಡನೆಯದಕ್ಕೆ ಮರದ ಆಳ 3 ಅಥವಾ 4, ಕಲಿಕೆಯ ದರ 0.05, ಪರೀಕ್ಷೆಯ ದೋಷ ಇಳಿಯುವುದು ನಿಂತಾಗ ನಿಲ್ಲಿಸಿ. ಗ್ರೇಸ್ ಕಂಡಿ ಖಾಲಿ ಬಿಟ್ಟಿದ್ದೇವಲ್ಲ, ಎಕ್ಸ್‌ಜಿಬೂಸ್ಟ್ ಅದನ್ನು ತಾನೇ ನಿಭಾಯಿಸುತ್ತದೆ.

ಏನನ್ನು ಊಹಿಸಬೇಕು ಎಂಬುದರಲ್ಲಿ ಎಚ್ಚರ ಬೇಕು. ಮರ ಆಧಾರಿತ ಮಾಡೆಲ್ ತರಬೇತಿಯಲ್ಲಿ ಕಂಡ ಅತಿ ಕೆಳಗಿನ ಮಟ್ಟಕ್ಕಿಂತ ಹೆಚ್ಚು ಕೆಳಗೆ ಹೇಳಲಾರದು. ಮಟ್ಟವನ್ನೇ ಗುರಿಯಾಗಿಟ್ಟರೆ, ದಾಖಲೆ ಕುಸಿತದ ವರ್ಷದಲ್ಲಿ, ಅಂದರೆ ಎಚ್ಚರಿಕೆ ಬೇಕಾದ ವರ್ಷದಲ್ಲೇ, ಅದು ಹಳೆಯ ಕನಿಷ್ಠಕ್ಕೆ ನಿಂತುಬಿಡುತ್ತದೆ. ಅದರ ಬದಲು ಹಿಂದಿನ ಅಳತೆಯಿಂದ ಎಷ್ಟು ಮೀಟರ್ ಏರಿತು ಅಥವಾ ಇಳಿಯಿತು ಎಂಬುದನ್ನು ಊಹಿಸಲು ಕಲಿಸಿ, ಅದನ್ನು ಕೊನೆಯ ನಿಜ ಅಳತೆಗೆ ಕೂಡಿಸಿ.

ಗ್ರೇಸ್ ಡೇಟಾ ಕೈಗೆ ಬರುವುದು ಎರಡು ಮೂರು ತಿಂಗಳು ತಡವಾಗಿ. ಡಿಸೆಂಬರ್ ಅಂತ್ಯದಲ್ಲಿ ಮುನ್ಸೂಚನೆ ಕೊಡುವುದಾದರೆ ಸೆಪ್ಟೆಂಬರ್ ಮೌಲ್ಯವೇ ನಿಮ್ಮಲ್ಲಿರುವ ಹೊಸದು. ತರಬೇತಿಯಲ್ಲೂ ಅಷ್ಟೇ ಹಿಂದಿನ ಮೌಲ್ಯ ಕೊಡಿ. ಇಲ್ಲದಿದ್ದರೆ ಹಳೆ ಡೇಟಾದ ಮೇಲೆ ಚೆನ್ನಾಗಿ ಓಡಿದ್ದು ನಿಜವಾದ ದಿನ ಓಡುವುದಿಲ್ಲ.

ಗ್ರೇಸ್ ಚೌಕವನ್ನು 1 ಕಿ.ಮೀ.ಗೆ ‘ಇಳಿಸುವ’ ವಿಧಾನ ಬಹಳ ಜನಪ್ರಿಯ: ದೊಡ್ಡ ಚೌಕಗಳಲ್ಲಿ ಮಳೆ, ಹಸಿರು ಮತ್ತು ಗ್ರೇಸ್ ನಡುವಿನ ಸಂಬಂಧ ಕಲಿತು ಅದನ್ನೇ ಚಿಕ್ಕ ಚೌಕಕ್ಕೆ ಹಚ್ಚುವುದು. ಒಂದು ದೇಶಕ್ಕೆ ಅದು ನಡೆಯಬಹುದು. ಬೆಂಗಳೂರಿನ ಸುತ್ತ ನಿಜವಾದ ಗ್ರೇಸ್ ಅಳತೆ ಒಂದೋ ಎರಡೋ, ಹಾಗಾಗಿ ಕಲಿಯಲು ಏನೂ ಇಲ್ಲ. ಬರುವ ನಕ್ಷೆ ಮಳೆ ಮತ್ತು ಹಸಿರಿನ ನಕ್ಷೆ, ಅಂತರ್ಜಲ ಎಂಬ ಹೆಸರು ಮಾತ್ರ ಹೊಸದು.

ಪರೀಕ್ಷೆ

ಸಾಲುಗಳನ್ನು ಕಲಸಿ ಶೇ. 80 ತರಬೇತಿಗೆ, ಶೇ. 20 ಪರೀಕ್ಷೆಗೆ ಎಂದು ಹಂಚಿದರೆ ಅಂಕ ಚಿನ್ನದಂತೆ ಬರುತ್ತದೆ, ಸುಳ್ಳಾಗಿರುತ್ತದೆ. ಒಂದೇ ಬಾವಿಯ ಆಗಸ್ಟ್ ತರಬೇತಿಯಲ್ಲಿ, ನವೆಂಬರ್ ಪರೀಕ್ಷೆಯಲ್ಲಿ ಇದ್ದರೆ ಮಾಡೆಲ್ ಬಾವಿಯನ್ನು ಗುರುತು ಹಿಡಿಯುತ್ತದೆ, ಅಂತರ್ಜಲವನ್ನಲ್ಲ. ಅಕ್ಷಾಂಶ, ರೇಖಾಂಶ ಕಾಲಂಗಳಿದ್ದರಂತೂ ಇದು ಖಂಡಿತ; ಅವನ್ನು ತೆಗೆದುಬಿಡಿ.

ಎರಡು ಪರೀಕ್ಷೆ ಬೇರೆಬೇರೆಯಾಗಿ ಮಾಡಿ. ಜಾಗದ್ದು: ಹೆಬ್ಬಾಳ ಕಣಿವೆಯ ಬಾವಿಗಳನ್ನು ಪೂರ್ತಿ ಮರೆಮಾಡಿ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳಲ್ಲಿ ಕಲಿಸಿ ಹೆಬ್ಬಾಳವನ್ನು ಊಹಿಸಲು ಹೇಳಿ, ಹೀಗೇ ಸರದಿಯಂತೆ. ಕಾಲದ್ದು: 2019ರವರೆಗೆ ಕಲಿಸಿ, 2020ರ ನಂತರದ್ದನ್ನು ಊಹಿಸಿ. ಈ ಅವಧಿಯಲ್ಲಿ 2022ರ ಭಾರಿ ಮಳೆಯೂ 2023ರ ಬರವೂ 2024ರ ನೀರಿನ ಬವಣೆಯೂ ಇರುವುದರಿಂದ ಇದಕ್ಕಿಂತ ಕಠಿಣ ಪರೀಕ್ಷೆ ಸಿಗದು. ದೋಷವನ್ನು ಮೀಟರ್‌ನಲ್ಲೇ ಹೇಳಿ, ಕೇಳುವವರಿಗೆ ಅರ್ಥವಾಗುತ್ತದೆ.

ಹೋಲಿಕೆಗೆ ಎರಡು ಸರಳ ಊಹೆ ಇಟ್ಟುಕೊಳ್ಳಿ: ಹೋದ ವರ್ಷ ಇದೇ ತಿಂಗಳು ಇದ್ದ ಮಟ್ಟ, ಮತ್ತು ಕೊನೆಯ ಅಳತೆಗೆ ಆ ಬಾವಿಯ ಸರಾಸರಿ ಋತುಮಾನದ ಏರಿಳಿತ ಕೂಡಿಸಿದ್ದು. ಇವೆರಡನ್ನೂ ಮೀರಿಸದ ಮಾಡೆಲ್ ಬೇಕಿಲ್ಲ. ಆಮೇಲೆ ಗ್ರೇಸ್ ಕಾಲಂ ತೆಗೆದು ಮತ್ತೆ ಓಡಿಸಿ. ದೋಷ ಬದಲಾಗದಿದ್ದರೆ ನಿಮ್ಮ ಬಾವಿಗಳಿಗೆ ಮಳೆಯ ಮೊತ್ತವೇ ಸಾಕು ಎಂದರ್ಥ. ಆಗ ಗ್ರೇಸ್ ಬಿಟ್ಟುಬಿಡುವುದೇ ಪ್ರಾಮಾಣಿಕ ಕೆಲಸ, ವರದಿಯ ಶೀರ್ಷಿಕೆಯಲ್ಲಿ ಉಪಗ್ರಹ ಇರಲಿ ಎಂಬ ಆಸೆ ಬೇಡ.

ಮಟ್ಟದಿಂದ ಲೀಟರಿಗೆ

ಸಂಗ್ರಹದ ಬದಲಾವಣೆ = ವಿಸ್ತೀರ್ಣ × ಮಟ್ಟದ ಬದಲಾವಣೆ × ಬಂಡೆ ಬಿಟ್ಟುಕೊಡುವ ನೀರಿನ ಪಾಲು. ಈ ಪಾಲಿಗೆ ಸರ್ಕಾರದ ಅಂತರ್ಜಲ ಮೌಲ್ಯಮಾಪನ ಸೂತ್ರಗಳಲ್ಲಿ ಜೇಡಿ ಕಡಿಮೆ ಇರುವ ಶಿಥಿಲ ಗ್ರಾನೈಟ್, ನೈಸ್‌ಗೆ ಶೇ. 3 (2ರಿಂದ 4), ಜೇಡಿ ಹೆಚ್ಚಿದ್ದರೆ ಶೇ. 1.5 (1ರಿಂದ 2) ಎಂದಿದೆ. ಒಂದು ಚದರ ಕಿ.ಮೀ. ಬಡಾವಣೆ, 3 ಮೀಟರ್ ಇಳಿತ, ಶೇ. 2: ಅರವತ್ತು ಸಾವಿರ ಘನ ಮೀಟರ್, ಅಂದರೆ 6 ಕೋಟಿ ಲೀಟರ್. 12,000 ಲೀಟರ್ ಟ್ಯಾಂಕರಿನಲ್ಲಿ 5,000 ಲೋಡು. ಶೇ. 1 ಹಿಡಿದರೆ 2,500, ಶೇ. 4 ಹಿಡಿದರೆ 10,000. ಮಾಡೆಲ್‌ನ ದೋಷವನ್ನೆಲ್ಲ ಮೀರಿಸುವ ಅನಿಶ್ಚಿತತೆ ಈ ಒಂದು ಸಂಖ್ಯೆಯಲ್ಲಿದೆ. ಆದ್ದರಿಂದ ಲೀಟರ್ ಲೆಕ್ಕವನ್ನು ಯಾವಾಗಲೂ ಕನಿಷ್ಠ, ಗರಿಷ್ಠ ಎರಡೂ ಸೇರಿಸಿ ಹೇಳಿ.

ಈ ಸೂತ್ರ ಶಿಥಿಲ ಪದರಕ್ಕೆ ಮಾತ್ರ. ಮಟ್ಟ ಕೇಸಿಂಗ್ ತುದಿಗಿಂತ ಕೆಳಗಿಳಿದು ಬಿರುಕುಗಳಿಗೆ ಸೇರಿದ ಮೇಲೆ ಒಂದು ಮೀಟರಿನಲ್ಲಿ ಇರುವ ನೀರು ಬಹಳ ಕಡಿಮೆ. ಶಿಥಿಲ ಪದರ ಬರಿದಾದ ಬಡಾವಣೆಯಲ್ಲಿ ಬೋರಿನ ಮಟ್ಟ ಒಂದೇ ಬೇಸಿಗೆಯಲ್ಲಿ ಹತ್ತಾರು ಮೀಟರ್ ಬೀಳುವುದು, ಒಂದು ಒಳ್ಳೆ ಮಳೆಗೆ ಅಷ್ಟೇ ವೇಗದಲ್ಲಿ ಏರುವುದು ಇದಕ್ಕೇ. ಆ ಏರಿಕೆಯನ್ನು ಶೇ. 2ರಿಂದ ಗುಣಿಸಿ ‘ಇಷ್ಟು ಕೋಟಿ ಲೀಟರ್ ಮರುಪೂರಣವಾಯಿತು’ ಎಂದು ಘೋಷಿಸುವುದು ದೊಡ್ಡ ತಪ್ಪು. ಅಂಥ ಬೋರುಗಳಿಗೆ ಮಟ್ಟವನ್ನಷ್ಟೇ ಹೇಳಿ, ಲೀಟರ್ ಬೇಡ.

ವರ್ಷದುದ್ದಕ್ಕೂ ನಡೆಸುವುದು

ಉಪಯೋಗಕ್ಕೆ ಬರುವ ಮುನ್ಸೂಚನೆ ಎಂದರೆ ಡಿಸೆಂಬರ್ ಅಂತ್ಯದಲ್ಲಿ ಕೊಡುವ ಏಪ್ರಿಲ್ ಮಟ್ಟ. ಹಿಂಗಾರು ಮುಗಿದಿರುತ್ತದೆ, ಮುಂದೆ ಮೂರು ತಿಂಗಳು ಹೇಳಿಕೊಳ್ಳುವ ಮಳೆ ಇಲ್ಲ, ಹಾಗಾಗಿ ವರ್ಷದ ಬೇರಾವ ಹೊತ್ತಿಗಿಂತ ಇದು ಸರಿಯಾಗುವ ಸಾಧ್ಯತೆ ಹೆಚ್ಚು. ಮರೆಮಾಡಿದ ಪರೀಕ್ಷೆಯ ದೋಷಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಕೆಳಗಿನ ಶೇ. 10 ಮತ್ತು ಮೇಲಿನ ಶೇ. 10 ಬಿಟ್ಟು ಉಳಿದ ಅಂತರವನ್ನು ಊಹೆಯ ಎರಡೂ ಬದಿಗೆ ಸೇರಿಸಿ. ‘ಏಪ್ರಿಲ್‌ನಲ್ಲಿ 18 ಮೀಟರ್’ ಎನ್ನುವುದಕ್ಕಿಂತ ‘15ರಿಂದ 22 ಮೀಟರ್ ನಡುವೆ’ ಎಂದರೆ, 20 ಮೀಟರಿನಲ್ಲಿ ಪಂಪ್ ಇಟ್ಟವರಿಗೆ ತಮ್ಮ ಅಪಾಯ ಗೊತ್ತಾಗುತ್ತದೆ. ನಕ್ಷೆಯ ಚೌಕ ಬಾವಿಗಳ ನಡುವಿನ ಅಂತರಕ್ಕಿಂತ ಚಿಕ್ಕದಾಗಿರಬಾರದು. 40 ಬಾವಿಯಿಟ್ಟುಕೊಂಡು 30 ಮೀಟರ್ ನಕ್ಷೆ ಬಿಡಿಸಿದರೆ ಜನ ಅದರಲ್ಲಿ ತಮ್ಮ ಸೈಟು ಹುಡುಕಿ ಅಲ್ಲೇ ಬೋರು ಕೊರೆಸುತ್ತಾರೆ. ಬಿರುಕು ಎಲ್ಲಿದೆ ಎಂದು ಈ ಮಾಡೆಲ್‌ಗೆ ಗೊತ್ತಿಲ್ಲ.

ಪ್ರತಿ ಮೇ ಕೊನೆಯಲ್ಲಿ ಊಹೆ ಮತ್ತು ನಿಜ ಅಳತೆಯನ್ನು ಪಕ್ಕಪಕ್ಕ ಪ್ರಕಟಿಸಿ. ತಪ್ಪು ಒಂದೇ ದಿಕ್ಕಿಗೆ, ಒಂದೇ ಬಡಾವಣೆಯಲ್ಲಿ ಬರುತ್ತಿದ್ದರೆ ಅಲ್ಲಿ ಕಾವೇರಿ ಬಂದಿರಬೇಕು, ದೊಡ್ಡ ಅಪಾರ್ಟ್‌ಮೆಂಟ್ ಎದ್ದಿರಬೇಕು, ಇಲ್ಲವೇ ಕೆರೆಗೆ ಸಂಸ್ಕರಿತ ನೀರು ಬಿಟ್ಟಿರಬೇಕು. ಹೋಗಿ ವಿಚಾರಿಸಿ, ಕಾಲಂ ಸೇರಿಸಿ, ಜೂನ್‌ನಲ್ಲಿ ಮರುತರಬೇತಿ ಮಾಡಿ. ಹೊಸದಾಗಿ ಸೇರಿಸಿದ ಬಾವಿಯ ಅಳತೆ ಎರಡು ಮಳೆಗಾಲ ದಾಟುವವರೆಗೆ ಪರೀಕ್ಷೆಗೆ ಮಾತ್ರ ಇರಲಿ, ತರಬೇತಿಗೆ ಬೇಡ. ಬಾವಿಯೊಂದು ಮುಚ್ಚಿಹೋದರೆ ಅದರ ಬದಲಿ ಬಾವಿಗೆ ಹೊಸ ಸಂಖ್ಯೆ ಕೊಡಿ, ಸಾಧ್ಯವಾದರೆ ಎರಡನ್ನೂ ಒಟ್ಟಿಗೆ ಒಂದು ವರ್ಷ ಅಳೆದ ಮೇಲೆಯೇ ಹಳೆಯದನ್ನು ಬಿಡಿ.